ಬಹುಕಾಲದ ತಲೆನೋವಿಗೆ ಚೀನೀ ವೈದ್ಯ ಪದ್ಧತಿ: ಸೂಜಿ, ಕಷಾಯ ಯಾರಾದರೂ ಮಾಡಿಸಿಕೊಂಡಿದ್ದೀರಾ?

ತುಮಕೂರು_ಟು_ಸಿಂಗಪುರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಊರು ತುಮಕೂರು. ಈಗ ಇರುವುದು ಸಿಂಗಪುರದ ಸೆಂಗ್‌ಕಾಂಗ್‌ನಲ್ಲಿ. ವಯಸ್ಸು 38, ಅಕೌಂಟ್ಸ್ ಕೆಲಸ.

ಪಿಯುಸಿ ಓದುವಾಗ ಶುರುವಾದ ತಲೆನೋವು ಇದು. ಎಡಗಡೆಯ ಕಣತಲೆಯಲ್ಲಿ ಹಿಡಿದು ಕಣ್ಣಿನ ಹಿಂದಕ್ಕೆ ಹೋಗುತ್ತದೆ. ಬೆಳಕು ಕಂಡರೆ ಆಗುವುದಿಲ್ಲ. ಒಗ್ಗರಣೆ ವಾಸನೆ ಬಂದರೂ ಹೊಟ್ಟೆ ತೊಳಸುತ್ತದೆ. ಊಟ ತಪ್ಪಿದರೆ ಬರುತ್ತದೆ, ನಿದ್ದೆ ಕೆಟ್ಟರೆ ಬರುತ್ತದೆ, ಮುಟ್ಟಿನ ಹಿಂದಿನ ದಿನವಂತೂ ತಪ್ಪುವುದೇ ಇಲ್ಲ. ಡಾಕ್ಟರ್ ಮೈಗ್ರೇನ್ ಅಂದಿದ್ದಾರೆ. ಎಂಆರ್‌ಐ ಮಾಡಿಸಿ ನೋಡಿದ್ದಾರೆ, ಅದರಲ್ಲಿ ಏನೂ ತೊಂದರೆ ಇಲ್ಲ. ನೋವು ಬರದಂತೆ ತಡೆಯಲು ದಿನಾ ಪ್ರೊಪ್ರನೊಲಾಲ್ ತೆಗೆದುಕೊಳ್ಳುತ್ತೇನೆ. ನೋವು ಬಂದಾಗ ಪ್ಯಾನಡಾಲ್ (ಪ್ಯಾರಾಸಿಟಮಾಲ್), ಅದಕ್ಕೂ ಬಗ್ಗದಿದ್ದರೆ ಸುಮಾಟ್ರಿಪ್ಟಾನ್.

ಮೊದಲು ತಿಂಗಳಿಗೆ ಒಂದೆರಡು ಸಲ ಬಂದು ಹೋಗುತ್ತಿತ್ತು. ಈಗ ಒಂದು ವರ್ಷದಿಂದ ವಾರದ ಅರ್ಧದಷ್ಟು ದಿನಗಳು ತಲೆ ಹಗುರವಾಗಿರುವುದೇ ಇಲ್ಲ. ಮಗಳು ಶಾಲೆಯಿಂದ ಬಂದರೆ "ಅಮ್ಮಾ, ಇವತ್ತು ಲೈಟ್ ಹಾಕಬಹುದಾ?" ಅಂತ ಕೇಳುತ್ತಾಳೆ. ಅದನ್ನು ಕೇಳಿದಾಗ ತುಂಬಾ ಸಂಕಟವಾಗುತ್ತದೆ.

ಪಕ್ಕದ ಮನೆಯ ಚೀನೀ ಆಂಟಿ ಟಿಸಿಎಂ (ಸಾಂಪ್ರದಾಯಿಕ ಚೀನೀ ವೈದ್ಯ ಪದ್ಧತಿ) ವೈದ್ಯರ ಹತ್ತಿರ ಹೋಗು, ಸೂಜಿ (ಅಕ್ಯುಪಂಕ್ಚರ್) ಹಾಕಿಸಿಕೋ, ಕಷಾಯ ಕುಡಿ ಅಂತ ಬಹಳ ಹೇಳುತ್ತಿದ್ದಾರೆ. ಊರಿನಿಂದ ಅಮ್ಮ "ಅದರಲ್ಲಿ ಹುಳಹುಪ್ಪಟೆ ಹಾಕಿರ್ತಾರೆ, ಬೇಡ" ಅನ್ನುತ್ತಾರೆ. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಮುಟ್ಟುವುದಿಲ್ಲ.

ನನಗೆ ತಿಳಿಯಬೇಕಾದದ್ದು ಇಷ್ಟು. ಇದರಿಂದ ನಿಜವಾಗಿ ಉಪಯೋಗ ಇದೆಯಾ? ಸೂಜಿ ನೋಯುತ್ತದಾ? ಈಗಿನ ಮಾತ್ರೆಗಳ ಜೊತೆಗೆ ಮಾಡಿಸಬಹುದಾ? ಅಮ್ಮ ಹೇಳಿದ ಹುಳದ ವಿಷಯ ನಿಜವಾ? ಸುಮ್ನೆ ಕೇಳಿದ್ದನ್ನಲ್ಲ, ಕಂಡು ಅನುಭವಿಸಿದ್ದನ್ನು ಹೇಳಿದರೆ ಉಪಕಾರವಾಗುತ್ತದೆ.

ಶಿಡ್ಲಘಟ್ಟದ_ನೂಲು ಬರೆದದ್ದು:

ತಂಗಿ, ನಾನು ಶಿಡ್ಲಘಟ್ಟದವನು. ನಮ್ಮದು ರೇಷ್ಮೆ ಮನೆತನ. ತಂದೆ ಹುಳು ಸಾಕುತ್ತಿದ್ದರು, ಚಿಕ್ಕಪ್ಪ ರೀಲರ್. ನಾನು ನೂಲು ಬಿಚ್ಚುವ ಆಟೊಮ್ಯಾಟಿಕ್ ಯಂತ್ರಗಳ ಕೆಲಸದ ಮೇಲೆ ಚೀನಾದ ಹಾಂಗ್‌ಝೌನಲ್ಲಿ ಹಲವು ವರ್ಷ ಇದ್ದೆ. ನನಗೂ ಅರ್ಧ ತಲೆನೋವು. ಬಲಗಡೆ ಕುತ್ತಿಗೆಯ ಬುಡದಿಂದ ಎದ್ದು ಕಣತಲೆಗೆ ಬರುವಂಥದ್ದು. ಸೂಜಿ ಮತ್ತು ಕಷಾಯ ಎರಡನ್ನೂ ಅಲ್ಲಿಯೇ ಮಾಡಿಸಿಕೊಂಡವನು ನಾನು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹಾಂಗ್‌ಝೌನಲ್ಲಿ ಊಶಾನ್ ಅನ್ನುವ ಗುಡ್ಡದ ಬುಡದಲ್ಲಿ ಹಳೆಯ ಪೇಟೆ ಬೀದಿ ಇದೆ. ಅಲ್ಲಿ ಹೂ ಚಿಂಗ್ ಯೂ ಥಾಂಗ್ ಅನ್ನುವ ಔಷಧದ ಅಂಗಡಿ. ಹೂ ಶ್ವೇಯಾನ್ ಎಂಬ ದೊಡ್ಡ ವ್ಯಾಪಾರಿ 1874ರಲ್ಲಿ ತೆರೆದದ್ದು. ಒಳಗೆ "ಮೋಸ ಮಾಡಬೇಡ" ಅಂತ ಬರೆದ ಹಲಗೆ ತೂಗುತ್ತದೆ. ಅಂಗಡಿಯ ಬೇರೆ ಹಲಗೆಗಳೆಲ್ಲ ಗಿರಾಕಿಗಳ ಕಡೆ ಮುಖ ಮಾಡಿದ್ದರೆ, ಇದೊಂದು ಮಾತ್ರ ಒಳಗೆ ಕೆಲಸ ಮಾಡುವವರಿಗೆ ಕಾಣುವ ಹಾಗೆ ಇದೆ. ಔಷಧ ಮಾರುವ ಎಲ್ಲ ಕಡೆ ಹೀಗೊಂದು ಹಲಗೆ ಇರಬೇಕು ಅಂತ ನನಗೆ ಅನ್ನಿಸುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಫಿಟರ್ ಅಲ್ಲಿಗೆ ಕರೆದುಕೊಂಡು ಹೋದ.

ವಯಸ್ಸಾದ ಡಾಕ್ಟರಮ್ಮ ಮೊದಲು ಕೇಳಿದ್ದು ನೋವು ಎಲ್ಲಿ ಅಂತ. ಬೆರಳಿಟ್ಟು ತೋರಿಸಬೇಕು. ಹಣೆಯಲ್ಲಾದರೆ ಅವರ ಲೆಕ್ಕದಲ್ಲಿ ಒಂದು ನಾಡಿ ದಾರಿ, ಪಕ್ಕದಲ್ಲಾದರೆ ಇನ್ನೊಂದು, ಹಿಂದಲೆಯಲ್ಲಾದರೆ ಮತ್ತೊಂದು, ನೆತ್ತಿಯಲ್ಲಾದರೆ ಬೇರೆಯೇ. ಔಷಧವೂ ಅದರ ಪ್ರಕಾರ ಬದಲಾಗುತ್ತದೆ. ಆಮೇಲೆ ನಿದ್ದೆ, ಮಲ, ಬೆವರು, ಬಿಸಿನೀರು ಬೇಕೆನಿಸುತ್ತದಾ ತಣ್ಣೀರಾ, ಸಿಟ್ಟು ಬಂದ ದಿನ ಜಾಸ್ತಿಯಾಗುತ್ತದಾ, ಮಳೆ ಬರುವ ಮುಂಚೆ ಹೇಗೆ, ಹೀಗೆ ಕೇಳುತ್ತಲೇ ಹೋದರು. ಎರಡೂ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ನೋಡಿದರು. ನಾಲಿಗೆ ಚಾಚಿಸಿ ಬಣ್ಣ, ಅಂಚು, ಮೇಲಿನ ಲೇಪ ನೋಡಿದರು. ಅದಕ್ಕೆ ಮೊದಲು ಯಾರೂ ನನ್ನ ತಲೆನೋವಿನ ಬಗ್ಗೆ ಅಷ್ಟು ಹೊತ್ತು ಕೇಳಿರಲಿಲ್ಲ. ಅರ್ಧ ಸಮಾಧಾನ ಅಲ್ಲೇ ಆಯಿತು.

ಸೂಜಿಯ ವಿಷಯ. ಇಂಜೆಕ್ಷನ್ ಸೂಜಿಯನ್ನು ಮನಸ್ಸಿನಿಂದ ತೆಗೆದುಹಾಕಿ. ಇದರ ದಪ್ಪ ಸುಮಾರು ಕಾಲು ಮಿಲಿಮೀಟರ್. ಚುಚ್ಚುವಾಗ ಸಣ್ಣ ಚುಚ್ಚು ಅಷ್ಟೇ. ಆಮೇಲೆ ಡಾಕ್ಟರ್ ಸೂಜಿಯನ್ನು ಮೆಲ್ಲಗೆ ತಿರುಗಿಸುತ್ತಾರೆ. ಆಗ ಒಳಗೆ ಒಂಥರಾ ಭಾರ, ಜೋಮು, ಸೆಳೆತ ಬರುತ್ತದೆ. ಅದು ಬರಬೇಕು, ಅದನ್ನು ಅವರು 'ದೆ ಚಿ' ಅನ್ನುತ್ತಾರೆ. ನನಗೆ ಹಾಕುತ್ತಿದ್ದ ಜಾಗಗಳು: ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸದಲ್ಲಿ 'ಹೆಗು', ಹಿಂದಲೆಯ ಮೂಳೆಯ ಕೆಳಗಿನ ಎರಡು ಗುಳಿಗಳಲ್ಲಿ 'ಫೆಂಗ್‌ಚಿ', ಕಣತಲೆಯಲ್ಲಿ 'ತೈಯಾಂಗ್', ಪಾದದ ಮೇಲೆ ಹೆಬ್ಬೆರಳಿನ ಸಂದಿಯಿಂದ ಸ್ವಲ್ಪ ಹಿಂದೆ 'ತೈಚೋಂಗ್'. ತಲೆನೋವಿಗೆ ಕಾಲಿಗೇಕೆ ಅಂತ ಕೇಳಿದೆ. ಮೇಲೆ ಏರಿದ್ದನ್ನು ಕೆಳಗೆ ಎಳೆಯಬೇಕು ಅಂದರು. ಸೂಜಿಗಳನ್ನು ಅರ್ಧ ಗಂಟೆಯ ಹತ್ತಿರ ಹಾಗೇ ಬಿಡುತ್ತಾರೆ. ನಾನು ಎಷ್ಟೋ ಸಲ ನಿದ್ದೆ ಹೋಗಿದ್ದೇನೆ.

ಈಗ ಕಷಾಯ. ಗೋಡೆ ತುಂಬ ಮರದ ಸಣ್ಣ ಖಾನೆಗಳು, ಅದರಿಂದ ಒಂದೊಂದೇ ಬೇರು ತೆಗೆದು, ಕೈತಕ್ಕಡಿಯಲ್ಲಿ ತೂಗಿ, ಒಂದೊಂದು ದಿನದ್ದನ್ನು ಒಂದೊಂದು ಪೊಟ್ಟಣ ಕಟ್ಟುತ್ತಾರೆ. ನನ್ನ ಚೀಟಿಯಲ್ಲಿ ಮೊದಲ ಹೆಸರು 'ಚ್ವಾನ್‌ಶ್ಯೋಂಗ್'. ಸಿಚುವಾನ್ ಕಡೆಯ ಬೇರುಗೆಡ್ಡೆ, ತಲೆನೋವಿನ ಚೀನೀ ಔಷಧಗಳಲ್ಲಿ ಇದಿಲ್ಲದ್ದು ಕಡಿಮೆ. ಸೋಂಗ್ ರಾಜರ ಕಾಲದ ಸರ್ಕಾರಿ ಔಷಧ ಪುಸ್ತಕದಲ್ಲೇ ಚ್ವಾನ್‌ಶ್ಯೋಂಗ್ ಹೆಸರಿನ ಎಂಟು ಮೂಲಿಕೆಗಳ ಪುಡಿ ಇದೆ, ಅದನ್ನು ಚಹಾದ ಜೊತೆ ತೆಗೆದುಕೊಳ್ಳಬೇಕು. ಎರಡನೆಯದು 'ಬೈಝೀ', ಹಣೆ ನೋವಿಗೆ. ಇವೆರಡೂ ನಮ್ಮ ಕೊತ್ತಂಬರಿ, ಓಮ, ಸೋಂಪಿನ ಕುಟುಂಬದ ಗಿಡಗಳು. ಪೊಟ್ಟಣ ಬಿಚ್ಚಿದರೆ ಆ ಘಾಟೇ ಬರುತ್ತದೆ. ಮೂರನೆಯದು 'ತ್ಯೆನ್‌ಮಾ'. ಎಲೆಯಿಲ್ಲದ ಒಂದು ಆರ್ಕಿಡ್‌ನ ಗೆಡ್ಡೆ, ಮಣ್ಣೊಳಗಿನ ಶಿಲೀಂಧ್ರದಿಂದ ಆಹಾರ ಪಡೆದು ಬೆಳೆಯುತ್ತದೆ. ಜೊತೆಗೆ ನಮ್ಮ ಜೇಷ್ಠಮಧು.

ಇನ್ನೊಂದು ಹೆಸರು 'ಜ್ಯಾಂಗ್‌ತ್ಸಾನ್'. ಪೊಟ್ಟಣದಲ್ಲಿ ಬೆಳ್ಳಗೆ, ಗಟ್ಟಿಯಾಗಿ, ಸ್ವಲ್ಪ ಬಾಗಿದ ತುಂಡುಗಳು. ನೋಡಿದ ಕೂಡಲೇ ಗೊತ್ತಾಯಿತು. ಅದು ಸುಣ್ಣಕಟ್ಟು ಬಂದು ಸತ್ತ ರೇಷ್ಮೆ ಹುಳು! ರೇಷ್ಮೆ ಸಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಳಿ, ತೇವ ಜಾಸ್ತಿಯಾದಾಗ ಬರುವ ಶಿಲೀಂಧ್ರ ರೋಗ. ಸತ್ತ ಹುಳುವಿನ ಮೈ ಬೆಳ್ಳಗಾಗಿ ಗಟ್ಟಿಯಾಗುತ್ತದೆ, ಅದರ ಪುಡಿ ಹಾರಿದರೆ ಇಡೀ ಮನೆಯ ಬೆಳೆ ಹೋಗುತ್ತದೆ. ನಮ್ಮ ತಂದೆ ಅವನ್ನು ಆರಿಸಿ ತೆಗೆದು ಸುಟ್ಟು, ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ ಎಲ್ಲ ತೊಳೆದು ಮದ್ದು ಹೊಡೆಯುತ್ತಿದ್ದರು. ಆ ವರ್ಷದ ಸಾಲ ತೀರುವುದು ಆ ಹುಳುವಿನ ಮೇಲೆ ನಿಂತಿರುತ್ತಿತ್ತು. ಅದನ್ನೇ ಚೀನೀಯರು ಬೇಕೆಂದೇ ಬೆಳೆಸಿ ತಲೆನೋವು, ಸೆಳವು, ಗಂಟಲು ನೋವಿಗೆ ಔಷಧವಾಗಿ ಕೊಡುತ್ತಾರೆ. ನಾನು ಮಾಂಸ ತಿನ್ನುವವನೇ. ಆದರೂ ಅದನ್ನು ಕುಡಿಯಲು ಮನಸ್ಸು ಬರಲಿಲ್ಲ. ಡಾಕ್ಟರಮ್ಮನಿಗೆ ಹೇಳಿದೆ. ಒಂಚೂರೂ ಬೇಸರ ಮಾಡಿಕೊಳ್ಳದೆ ಅದನ್ನು ಹೊಡೆದುಹಾಕಿ ಬೇರೆ ಮೂಲಿಕೆ ಬರೆದರು.

ಅಂದರೆ ನಿಮ್ಮ ತಾಯಿ ಹೇಳಿದ್ದು ನಿಜ. ಹಟ ಹಿಡಿದ ತಲೆನೋವಿಗೆ ಚೇಳು, ಜರಿ, ಎರೆಹುಳು ಕೂಡ ಬರೆಯುವುದುಂಟು. ಎಲ್ಲರಿಗೂ ಬರೆಯುವುದಿಲ್ಲ, ಬರೆದರೂ ತೆಗೆಸಬಹುದು. ಮೊದಲೇ ಹೇಳಿಬಿಡಿ.

ಫಲ ಏನಾಯಿತು? ಮೊದಲ ಕೆಲವು ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ನೋವು ಬರುವ ದಿನಗಳ ನಡುವೆ ಅಂತರ ಹೆಚ್ಚಿತು. ಬಂದರೂ ಹಾಸಿಗೆ ಹಿಡಿಸುತ್ತಿರಲಿಲ್ಲ. ಪೂರ್ತಿ ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ. ಅದನ್ನು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಚೀನಾದಲ್ಲಿ ಮೂರು ರಾಜ್ಯಗಳ ಕಾಲದ ಒಂದು ಕಥೆ ಎಲ್ಲರಿಗೂ ಗೊತ್ತು. ತ್ಸಾವ್ ತ್ಸಾವ್ ಎಂಬ ದೊರೆಗೆ ಭಯಂಕರ ತಲೆನೋವು. ಹ್ವಾ ತ್ವೋ ಎಂಬ ವೈದ್ಯ ಸೂಜಿ ಹಾಕಿದರೆ ನೋವು ತಕ್ಷಣ ನಿಲ್ಲುತ್ತಿತ್ತು. ಆದರೆ ಇದು ಬೇಗ ವಾಸಿಯಾಗುವಂಥದ್ದಲ್ಲ, ಚಿಕಿತ್ಸೆ ನಡೆಸುತ್ತಲೇ ಇದ್ದರೆ ಆಯಸ್ಸು ಸ್ವಲ್ಪ ಮುಂದೆ ಹೋಗುತ್ತದೆ ಅಂತ ವೈದ್ಯ ನೇರವಾಗಿ ಹೇಳಿದ. ಆಮೇಲೆ ಊರಿಗೆ ಹೋದವನು ಕರೆದರೂ ಬರಲಿಲ್ಲ, ದೊರೆ ಅವನನ್ನು ಸೆರೆಗೆ ಹಾಕಿ ಕೊಲ್ಲಿಸಿದ. ಅಷ್ಟು ದೊಡ್ಡ ವೈದ್ಯನೇ ಪೂರ್ತಿ ವಾಸಿ ಮಾಡುತ್ತೇನೆ ಅಂತ ಮಾತು ಕೊಡಲಿಲ್ಲ. ನಿಮಗೆ ಯಾರಾದರೂ "ಗ್ಯಾರಂಟಿ ವಾಸಿ, ಹತ್ತು ಸಲದ ಪ್ಯಾಕೇಜ್‌ಗೆ ಈಗಲೇ ದುಡ್ಡು ಕಟ್ಟಿ" ಅಂದರೆ ಎದ್ದು ಬನ್ನಿ.

ನನ್ನ ಅಭಿಪ್ರಾಯ ಇಷ್ಟು: ಸೂಜಿಗೆ ಧೈರ್ಯವಾಗಿ ಹೋಗಿ, ಒಂದೆರಡು ತಿಂಗಳು ಸಮಯ ಕೊಡಿ. ಕಷಾಯಕ್ಕೆ ಮಾತ್ರ ಪೊಟ್ಟಣದಲ್ಲಿ ಏನಿದೆ ಅಂತ ಒಂದೊಂದು ಹೆಸರೂ ಗೊತ್ತಾಗದೆ ಬಾಯಿಗೆ ಹಾಕಬೇಡಿ.

ನರರೋಗ_ಮೈಸೂರು ಬರೆದದ್ದು:

ನಾನು ಮೈಸೂರಿನಲ್ಲಿ ನರರೋಗ ವೈದ್ಯೆ. ಮೇಲಿನವರು ಬರೆದದ್ದನ್ನು ಆಸಕ್ತಿಯಿಂದ ಓದಿದೆ. ತಲೆನೋವು ಸಣ್ಣ ವಿಷಯವಲ್ಲ. ಬೆಂಗಳೂರು ಸುತ್ತಮುತ್ತ ನಡೆದ ಸಮೀಕ್ಷೆಯಲ್ಲಿ ವರ್ಷದೊಳಗೆ ಮೈಗ್ರೇನ್ ಕಾಣಿಸಿಕೊಂಡವರು ಸುಮಾರು ನಾಲ್ವರಲ್ಲಿ ಒಬ್ಬರು. ಅದರಲ್ಲಿ ಹೆಂಗಸರೇ ಜಾಸ್ತಿ. ಬಹಳಷ್ಟು ಜನ ಡಾಕ್ಟರ್ ಹತ್ತಿರ ಬರುವುದೇ ಇಲ್ಲ.

ಮೊದಲು ಸೂಜಿಗೆ ಇರುವ ಆಧಾರ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಿಶೀಲನೆ 22 ಪ್ರಯೋಗಗಳನ್ನು ಒಟ್ಟಿಗೆ ನೋಡಿತು, ಸುಮಾರು 5,000 ರೋಗಿಗಳು. ಮಾಮೂಲಿ ಚಿಕಿತ್ಸೆಯ ಜೊತೆಗೆ ಸೂಜಿ ಹಾಕಿಸಿಕೊಂಡವರಲ್ಲಿ 100ಕ್ಕೆ 41 ಜನರಿಗೆ ತಲೆನೋವು ಅರ್ಧಕ್ಕೆ ಇಳಿಯಿತು. ಹಾಕಿಸಿಕೊಳ್ಳದವರಲ್ಲಿ 17 ಜನರಿಗೆ. ಆದರೆ ತಪ್ಪು ಜಾಗದಲ್ಲಿ ಅಥವಾ ಚರ್ಮದೊಳಗೆ ಹೋಗದಂತೆ ಸುಳ್ಳು ಸೂಜಿ ಹಾಕಿಸಿಕೊಂಡವರ ಜೊತೆ ಹೋಲಿಸಿದರೆ, ನಿಜವಾದ ಸೂಜಿಯಲ್ಲಿ 50, ಸುಳ್ಳು ಸೂಜಿಯಲ್ಲಿ 41. ಅಂತರ ಇದೆ, ಆದರೆ ಚಿಕ್ಕದು. 2005ರಲ್ಲಿ ಜರ್ಮನಿಯ ಒಂದು ಪ್ರಯೋಗದಲ್ಲಿ ನಿಜವಾದ ಸೂಜಿಗೂ ಸುಳ್ಳು ಸೂಜಿಗೂ ವ್ಯತ್ಯಾಸವೇ ಕಾಣಲಿಲ್ಲ, ಎರಡರಲ್ಲೂ ಅರ್ಧದಷ್ಟು ಜನರಿಗೆ ಉಪಯೋಗವಾಯಿತು. 2020ರಲ್ಲಿ ಚೀನಾದ ಏಳು ಆಸ್ಪತ್ರೆಗಳಲ್ಲಿ 150 ಜನರ ಮೇಲೆ ಇನ್ನೊಂದು ನಡೆಯಿತು. ಎಂಟು ವಾರದಲ್ಲಿ 20 ಸಲ ಸೂಜಿ. 17ರಿಂದ 20ನೇ ವಾರದ ನಡುವೆ ಲೆಕ್ಕ ಹಾಕಿದಾಗ ಮೈಗ್ರೇನ್ ದಿನಗಳು 3.9ರಷ್ಟು ಕಡಿಮೆಯಾಗಿದ್ದವು, ಚರ್ಮದೊಳಗೆ ಹೋಗದ ಸುಳ್ಳು ಸೂಜಿಯಲ್ಲಿ 2.2ರಷ್ಟು. ಚಿಕಿತ್ಸೆಗಳ ಬಗ್ಗೆ ಮಾರ್ಗದರ್ಶಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2012ರಲ್ಲೇ, ಮಾತ್ರೆ ಒಗ್ಗದವರಿಗೆ 5ರಿಂದ 8 ವಾರದಲ್ಲಿ 10 ಸಲದವರೆಗೆ ಸೂಜಿ ಹಾಕಿಸಬಹುದು ಅಂತ ಹೇಳಿದೆ. ಹಾಗಾಗಿ ಸೂಜಿ ಹಾಕಿಸಿಕೊಳ್ಳಬೇಡಿ ಅಂತ ನಾನು ನನ್ನ ರೋಗಿಗಳಿಗೆ ಹೇಳುವುದಿಲ್ಲ. ಸೂಜಿ ಹೊಸದಾಗಿರಬೇಕು, ಒಮ್ಮೆ ಬಳಸಿ ಬಿಸಾಡುವಂಥದ್ದಾಗಿರಬೇಕು. ಗರ್ಭಿಣಿಯರಿಗೆ ಕೈಯ ಹೆಗು ಜಾಗವನ್ನು ಚೀನೀ ವೈದ್ಯರೇ ಬಿಡುತ್ತಾರೆ, ಆದ್ದರಿಂದ ಆ ಸಾಧ್ಯತೆ ಇದ್ದರೆ ಮೊದಲೇ ಹೇಳಿ.

ಈಗ ನನಗೆ ನಿಮ್ಮ ಪ್ರಶ್ನೆಯಲ್ಲಿ ಚಿಂತೆ ತಂದ ಸಾಲು. ತಿಂಗಳಿಗೆ ಒಂದೆರಡು ಇದ್ದದ್ದು ವಾರದ ಅರ್ಧದಷ್ಟು ದಿನ ಆಗಿದೆ. ಪ್ಯಾನಡಾಲ್ ಮತ್ತು ಸುಮಾಟ್ರಿಪ್ಟಾನ್ ತೆಗೆದುಕೊಂಡ ದಿನಗಳನ್ನು ದಯವಿಟ್ಟು ಎಣಿಸಿ. ಪ್ಯಾರಾಸಿಟಮಾಲ್‌ನಂಥ ಮಾತ್ರೆ ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚಾದರೆ, ಸುಮಾಟ್ರಿಪ್ಟಾನ್‌ನಂಥ ಟ್ರಿಪ್ಟಾನ್ ಅಥವಾ ಕೆಫೀನ್ ಬೆರೆಸಿದ ಮಾತ್ರೆ 10 ದಿನ ಅಥವಾ ಅದಕ್ಕಿಂತ ಹೆಚ್ಚಾದರೆ, ಅದು ಮೂರು ತಿಂಗಳಿಗೂ ಮೀರಿ ನಡೆದರೆ, ಮಾತ್ರೆಯೇ ತಲೆನೋವನ್ನು ಹುಟ್ಟಿಸಬಹುದು. ಆಗ ಸೂಜಿಯೂ ಕಷಾಯವೂ ನನ್ನ ಔಷಧವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೊದಲು ನಿಮ್ಮ ಡಾಕ್ಟರ್ ಜೊತೆ ಸೇರಿ ಆ ನೋವಿನ ಮಾತ್ರೆ ಬಿಟ್ಟು ಅದನ್ನು ಸರಿ ಮಾಡಬೇಕು.

ಕಷಾಯದ ಬಗ್ಗೆ ನನಗೆ ಸೂಜಿಯಷ್ಟು ಧೈರ್ಯವಿಲ್ಲ. ಕಾರಣ ಹೇಳುತ್ತೇನೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ತೆಗೆದುಕೊಂಡ ಹೆಂಗಸರಲ್ಲಿ ಮೂತ್ರಪಿಂಡ ಕೈಕೊಟ್ಟಿತು. ಒಂದು ಬೇರಿನ ಬದಲು ಹೆಸರು ಹೋಲುವ ಇನ್ನೊಂದು ಬೇರು ಸೇರಿತ್ತು, ಅದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇತ್ತು. ಆ ಆಮ್ಲ ಕ್ಯಾನ್ಸರನ್ನೂ ತರುತ್ತದೆ. ಕಣ್ಣು ಕೆಂಪಾಗಿ ಬರುವ ತಲೆನೋವಿಗೆ ಕೊಡುತ್ತಿದ್ದ ಒಂದು ಪ್ರಸಿದ್ಧ ಚೀನೀ ಗುಳಿಗೆಯಲ್ಲೂ ಇದೇ ಆಮ್ಲ ಇರುವ ಬಳ್ಳಿ ಸೇರಿತ್ತು. ಚೀನಾ ಸರ್ಕಾರ 2003ರಲ್ಲಿ ಆ ಬಳ್ಳಿಯನ್ನು ಔಷಧದಿಂದ ತೆಗೆಯಿತು. ತಲೆನೋವಿಗೆ ಹಾಕುವ 'ಶೀಶಿನ್' ಅನ್ನುವ ಮೂಲಿಕೆಯ ಎಲೆ, ದಂಟುಗಳಲ್ಲೂ ಅದು ಇದೆ. ಹಾಗಾಗಿ ಈಗ ಬೇರನ್ನು ಮಾತ್ರ ಬಳಸಬೇಕೆಂಬ ನಿಯಮ. ನಮ್ಮ ಹಳ್ಳಿಗಳಲ್ಲಿ ಹಾವಿನ ವಿಷಕ್ಕೆ ಅಂತ ಬೆಳೆಸುವ ಈಶ್ವರಿ ಬಳ್ಳಿಯೂ ಇದೇ ಕುಟುಂಬದ್ದು, ಅದನ್ನು ಕುಡಿಸುವುದೂ ಅಪಾಯ. ಸಸ್ಯ ಅಂದ ಮಾತ್ರಕ್ಕೆ ನಿರಪಾಯ ಅನ್ನುವುದನ್ನು ಚೀನಾದ್ದಾದರೂ ನಮ್ಮದಾದರೂ ನಾನು ಒಪ್ಪುವುದಿಲ್ಲ.

ಮೇಲಿನವರು ಹೇಳಿದ ಜೇಷ್ಠಮಧು ಬಹಳ ದಿನ ತೆಗೆದುಕೊಂಡರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಇರುವವರು ಚೀನೀ ಮೂಲಿಕೆಗಳಿಂದ ದೂರ ಇರುವುದೇ ಒಳ್ಳೆಯದು. ನಿಮಗೆ ಒಂದು ಮುಖ್ಯ ಮಾತು: ಯಾರು ಏನೇ ಹೇಳಿದರೂ ಪ್ರೊಪ್ರನೊಲಾಲ್ ಅನ್ನು ಏಕಾಏಕಿ ನಿಲ್ಲಿಸಬೇಡಿ.

ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ. ಕ್ಷಣಾರ್ಧದಲ್ಲಿ ಸಿಡಿದಂತೆ ಬಂದ ತಲೆನೋವು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಂಡರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಹೆರಿಗೆಯ ಹಿಂದೆಮುಂದೆ ಹೊಸದಾಗಿ ಬಂದರೆ ಸೂಜಿಯವರ ಹತ್ತಿರ ಅಲ್ಲ, ನೇರ ಆಸ್ಪತ್ರೆಗೆ ಹೋಗಿ. 50 ದಾಟಿದ ಮೇಲೆ ಮೊದಲ ಸಲ ಕಾಣಿಸಿಕೊಂಡ ತಲೆನೋವನ್ನೂ ಬೇಗ ತೋರಿಸಿ. ಕಣತಲೆ ಮುಟ್ಟಿದರೆ ನೋವು, ಅಗಿಯುವಾಗ ದವಡೆ ನೋವು ಅಂತ ಬಂದ ವಯಸ್ಸಾದವರಲ್ಲಿ ತಡವಾದರೆ ಕಣ್ಣೇ ಹೋಗಬಹುದು.

ಹಳೇ_ಸಿಂಗಪುರದವಳು ಬರೆದದ್ದು:

ನೋಡಮ್ಮಾ, ನಾನು ಈ ಊರಿಗೆ ಬಂದು ಮಕ್ಕಳು ಮೊಮ್ಮಕ್ಕಳನ್ನು ಕಂಡವಳು. ಊರು ಧಾರವಾಡ. ಮಂಡಿನೋವಿಗೆ ಸೂಜಿ ಹಾಕಿಸಿಕೊಂಡಿದ್ದೇನೆ, ತಲೆನೋವಿಗಲ್ಲ. ಆದರೆ ಇಲ್ಲಿಯ ವ್ಯವಸ್ಥೆ ಗೊತ್ತು, ಅದನ್ನು ಹೇಳುತ್ತೇನೆ.

ಇಲ್ಲಿ 2000ದ ಕಾಯ್ದೆಯ ಪ್ರಕಾರ ಟಿಸಿಎಂ ವೈದ್ಯರೂ ಸೂಜಿ ಹಾಕುವವರೂ ನೋಂದಣಿ ಮಾಡಿಸಿಕೊಂಡಿರಲೇಬೇಕು. ಟಿಸಿಎಂ ಮಂಡಳಿಯ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಹೋಗುವ ಮುಂಚೆ ನೋಡಿಕೋ. ಮಾಲ್‌ನಲ್ಲಿ ಮಸಾಜ್ ಮಾಡುವವರು ಬೇರೆ, ವೈದ್ಯರು ಬೇರೆ.

ಥೋಂಗ್ ಚಾಯ್ ಅಂತ ಹಳೆಯ ಧರ್ಮಾಸ್ಪತ್ರೆ ಇದೆ. 1867ರಲ್ಲಿ ಶುರುವಾದದ್ದು. ಜಾತಿ, ಧರ್ಮ, ದೇಶ ನೋಡದೆ ಬಡವರಿಗೆ ಪುಕ್ಕಟೆ ಔಷಧ ಕೊಟ್ಟುಕೊಂಡು ಬಂದ ಸಂಸ್ಥೆ. ತೋವಾ ಪಾಯೋದಲ್ಲಿ ಚುಂಗ್ ಹ್ವಾ ಇದೆ, ಅದು 1952ರದ್ದು. ಎರಡರಲ್ಲೂ ನಮ್ಮಂಥವರು ಹೋದರೆ ಯಾರೂ ಹುಬ್ಬೇರಿಸುವುದಿಲ್ಲ. ವಯಸ್ಸಾದ ವೈದ್ಯರಾದರೆ ಇಂಗ್ಲಿಷ್ ಕಡಿಮೆ ಇರಬಹುದು, ನಿನ್ನ ಪಕ್ಕದ ಮನೆ ಆಂಟಿಯನ್ನೇ ಜೊತೆಗೆ ಕರೆದುಕೊಂಡು ಹೋಗು. ಅವರಿಗೆ ಖುಷಿಯಾಗುತ್ತದೆ.

ಸಸ್ಯಾಹಾರದ ಬಗ್ಗೆ ಚಿಂತೆ ಬಿಡು. "ವೋ ಚೀ ಸೂ" ಅಂತ ಹೇಳು, ನಾನು ಸಸ್ಯಾಹಾರಿ ಅಂತ. ಇಲ್ಲಿ ಬೌದ್ಧ ಧರ್ಮದ ಚೀನೀಯರಲ್ಲೂ ಸಸ್ಯಾಹಾರಿಗಳು ಬಹಳ ಇದ್ದಾರೆ, ವೈದ್ಯರಿಗೆ ಇದು ಹೊಸದಲ್ಲ. ಹುಳು ಮಾತ್ರವಲ್ಲ, ಚಿಪ್ಪು, ಕೊಂಬು, ಚರ್ಮದಿಂದ ಮಾಡಿದ ಅಂಟು ಕೂಡ ಔಷಧದಲ್ಲಿ ಇರುತ್ತದೆ, ಅದೂ ಬೇಡ ಅಂತ ಬಿಡಿಸಿ ಹೇಳು. ಕ್ಯಾಪ್ಸೂಲ್ ಕೊಟ್ಟರೆ ಅದರ ಹೊರಕವಚ ಜೆಲಾಟಿನ್ ಇರಬಹುದು, ಪುಡಿಯಾಗಿ ಕೇಳು. ಇಲ್ಲಿ ಬೇರು ಕುದಿಸುವ ಬದಲು ಪುಡಿಯನ್ನು ಅಳತೆ ಚಮಚದಲ್ಲಿ ಬೆರೆಸಿ ಕೊಡುವುದೇ ಜಾಸ್ತಿ, ಬಿಸಿನೀರಿಗೆ ಹಾಕಿ ಕುಡಿಯಬೇಕು. ಕಹಿ ಇರುತ್ತದೆ, ತಡೆದುಕೋ.

ಮತ್ತೊಂದು. ವಾಟ್ಸಾಪ್‌ನಲ್ಲಿ ಬರುವ ತಲೆನೋವಿನ ಗುಳಿಗೆ ಕೊಳ್ಳಬೇಡ. ಮೂಲಿಕೆ ಅಂತ ಹೇಳಿ ಒಳಗೆ ಸ್ಟೀರಾಯ್ಡ್, ನೋವಿನ ಮಾತ್ರೆ ಬೆರೆಸಿದ್ದು ಸಿಕ್ಕಿದೆ ಅಂತ ಇಲ್ಲಿಯ ಆರೋಗ್ಯ ಇಲಾಖೆಯವರು ಮತ್ತೆ ಮತ್ತೆ ಎಚ್ಚರಿಕೆ ಕೊಡುತ್ತಲೇ ಇರುತ್ತಾರೆ. ಒಂದೇ ದಿನದಲ್ಲಿ ನೋವು ಮಾಯವಾಯಿತು ಅಂದರೆ ಅನುಮಾನ ಪಡು.

ಕಾಫಿತೋಟ_ಸಕಲೇಶಪುರ ಬರೆದದ್ದು:

ನನ್ನ ಹೆಂಡತಿಗೂ ಇದೇ ತೊಂದರೆ. ನಮಗೆ ಸಿಂಗಪುರ, ಚೀನಾ ಎಲ್ಲ ದೂರ. ಕರ್ನಾಟಕದಲ್ಲಿ ಸರಿಯಾಗಿ ಕಲಿತವರು ಸೂಜಿ ಹಾಕುತ್ತಾರಾ? ಚೀನೀ ಮೂಲಿಕೆ ಆನ್‌ಲೈನ್‌ನಲ್ಲಿ ತರಿಸಬಹುದಾ?

ನರರೋಗ_ಮೈಸೂರು ಬರೆದದ್ದು:

ಸರ್, ಹಾಕುತ್ತಾರೆ. 1938ರಲ್ಲಿ ಯುದ್ಧದಲ್ಲಿ ಗಾಯಗೊಂಡವರಿಗೆ ಚಿಕಿತ್ಸೆ ಕೊಡಲು ಡಾ. ದ್ವಾರಕಾನಾಥ ಕೋಟ್ನಿಸ್ ಸೇರಿ ಚೀನಾಕ್ಕೆ ಹೋದ ಐದು ಜನ ಭಾರತೀಯ ವೈದ್ಯರಲ್ಲಿ ಬಿಜಯ್ ಕುಮಾರ್ ಬಸು ಒಬ್ಬರು. ಅವರು ಆಮೇಲೆ ಅಲ್ಲೇ ಸೂಜಿ ಚಿಕಿತ್ಸೆ ಕಲಿತು ಕೋಲ್ಕತ್ತದಲ್ಲಿ ಶುರು ಮಾಡಿದರು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ಒಂದು ಚಿಕಿತ್ಸಾ ಕ್ರಮವೆಂದು ಒಪ್ಪಿದೆ. ನಮ್ಮಲ್ಲಿ ಬಿಎನ್‌ವೈಎಸ್ ಓದಿದ ಪ್ರಕೃತಿ ಚಿಕಿತ್ಸಾ ವೈದ್ಯರ ಪಠ್ಯದಲ್ಲಿ ಅಕ್ಯುಪಂಕ್ಚರ್ ಇದೆ. ಎಲ್ಲಿ ಓದಿದ್ದೀರಿ ಅಂತ ಕೇಳಿ ಹೋಗಿ, ಕೇಳುವುದರಲ್ಲಿ ತಪ್ಪಿಲ್ಲ. ಅದಕ್ಕೂ ಮೊದಲು ಒಮ್ಮೆ ನರರೋಗದವರಿಗೆ ತೋರಿಸಿ, ಯಾವ ತಲೆನೋವು ಅಂತ ತಿಳಿದುಕೊಳ್ಳಿ.

ಮೂಲಿಕೆಯನ್ನು ಮಾತ್ರ ಆನ್‌ಲೈನ್‌ನಲ್ಲಿ ತರಿಸಬೇಡಿ. ನಾಡಿ ನೋಡದೆ, ಹೆಸರು ತಿಳಿಯದೆ, ಯಾರ ಹೊಣೆಯೂ ಇಲ್ಲದೆ ಬರುವ ಪೊಟ್ಟಣ ಅದು.

ತುಮಕೂರು_ಟು_ಸಿಂಗಪುರ ಬರೆದದ್ದು:

ಇಷ್ಟು ವಿವರವಾಗಿ ಬರೆದಿದ್ದೀರಿ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರ್ ಮೇಡಂ, ನೀವು ಹೇಳಿದ ಹಾಗೆ ಮಾತ್ರೆಯ ಖಾಲಿ ಸ್ಟ್ರಿಪ್ ಮತ್ತು ಕ್ಯಾಲೆಂಡರ್ ಇಟ್ಟುಕೊಂಡು ಲೆಕ್ಕ ಹಾಕಿದೆ. ಪ್ಯಾನಡಾಲ್ ನೀವು ಹೇಳಿದ ಗಡಿ ದಾಟಿದೆ. ಇದು ನನಗೆ ಯಾರೂ ಹೇಳಿರಲಿಲ್ಲ. ನನ್ನ ಡಾಕ್ಟರ್ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ. ಪ್ಯಾನಡಾಲ್ ನಿಲ್ಲಿಸಿದರೆ ತಲೆನೋವು ಇನ್ನೂ ಜಾಸ್ತಿಯಾಗುತ್ತದಾ ಅಂತ ಭಯ. ಆ ಸಮಯದಲ್ಲೇ ಸೂಜಿ ಹಾಕಿಸಿಕೊಳ್ಳಬಹುದಾ? ಕಷಾಯ ಸದ್ಯಕ್ಕೆ ಬೇಡ ಅಂದುಕೊಂಡಿದ್ದೇನೆ. ಆಂಟಿ ಸೇವಂತಿಗೆ ಚಹಾ ಮಾಡಿ ಕೊಡುತ್ತಾರೆ, ಅದು ಪರವಾಗಿಲ್ಲ ಅಲ್ವಾ?

ನರರೋಗ_ಮೈಸೂರು ಬರೆದದ್ದು:

ಹೌದಮ್ಮಾ, ಬಿಟ್ಟ ಮೊದಲ ಒಂದೆರಡು ವಾರ ಜಾಸ್ತಿಯಾಗುತ್ತದೆ, ಆಮೇಲೆ ಇಳಿಯುತ್ತದೆ. ಆ ದಿನಗಳನ್ನು ದಾಟಿಸಲು ಬೇರೆ ಔಷಧ ಕೊಡಬಹುದು. ಅದಕ್ಕೇ ನಿಮ್ಮ ಡಾಕ್ಟರ್ ಜೊತೆ ಸೇರಿ ಮಾಡಬೇಕು ಅಂದದ್ದು. ಲೆಕ್ಕಪತ್ರದ ಒತ್ತಡ ಇಲ್ಲದ ವಾರ ನೋಡಿ, ಮನೆಯವರಿಗೂ ಮೊದಲೇ ಹೇಳಿಟ್ಟಿರಿ. ಸೂಜಿಯನ್ನು ಅದರ ಜೊತೆಯಲ್ಲೇ ಶುರು ಮಾಡಬಹುದು, ಅಡ್ಡಿ ಇಲ್ಲ. ಮಗಳಿಗೆ ಕ್ಯಾಲೆಂಡರ್ ಕೊಡಿ, ನೋವಿನ ದಿನಕ್ಕೆ ಒಂದು ಬಣ್ಣ, ಮಾತ್ರೆಯ ದಿನಕ್ಕೆ ಇನ್ನೊಂದು ಬಣ್ಣ ಹಚ್ಚಲಿ. ಎರಡು ತಿಂಗಳಾದ ಮೇಲೆ ಅದನ್ನು ನೋಡಿಯೇ ಮುಂದುವರಿಸಬೇಕೋ ಬೇಡವೋ ತೀರ್ಮಾನಿಸಿ.

ಶಿಡ್ಲಘಟ್ಟದ_ನೂಲು ಬರೆದದ್ದು:

ಸೇವಂತಿಗೆ ಚಹಾ ಕುಡಿಯಿರಿ ತಂಗಿ. ಹಾಂಗ್‌ಝೌ ಹತ್ತಿರದ ತೋಂಗ್‌ಶ್ಯಾಂಗ್‌ನಲ್ಲಿ ರೇಷ್ಮೆಯ ಜೊತೆಗೆ ಅದೂ ದೊಡ್ಡ ಬೆಳೆ, ಬಿಳಿ ಹೂವನ್ನು ಒಣಗಿಸಿ ಇಡುತ್ತಾರೆ. ಅಲ್ಲಿ ಪ್ರತಿ ಮನೆಯಲ್ಲೂ ಕುಡಿಯುತ್ತಾರೆ, ಕಣ್ಣು ತಂಪಾಗುತ್ತದೆ ಅಂತ. ಅಂಗಡಿಯ ಡಬ್ಬಿಯಲ್ಲಿ ಬರುವುದಕ್ಕೆ ಸಕ್ಕರೆ ಸುರಿದಿರುತ್ತಾರೆ, ಅದು ಬೇಡ. ಒಣ ಹೂವನ್ನೇ ಬಿಸಿನೀರಿಗೆ ಹಾಕಿ. ಚೆಂಡುಹೂ, ಸೇವಂತಿಗೆ ಮುಟ್ಟಿದರೆ ಮೂಗು ಸೋರುವ, ತುರಿಕೆ ಬರುವ ಅಲರ್ಜಿ ಇದ್ದರೆ ಮಾತ್ರ ಬಿಡಿ. ಇದರಿಂದ ಮೈಗ್ರೇನ್ ಹೋಗುತ್ತದೆ ಅಂತ ಕಾಯಬೇಡಿ.

ಸೂಜಿಗೆ ಹೋಗುವ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಕೆಲವರಿಗೆ ತಲೆಸುತ್ತು ಬರುತ್ತದೆ. ನಿಮಗೆ ಊಟ ತಪ್ಪಿದರೆ ನೋವೂ ಬರುತ್ತದೆ ಅಂದಿರಿ. ಇಡ್ಲಿಯೋ ಅವಲಕ್ಕಿಯೋ ತಿಂದು ಹೊರಡಿ. ಕತ್ತು, ಪಾದ ಬಿಡಿಸಿ ತೋರಿಸಲು ಆಗುವ ಸಡಿಲ ಬಟ್ಟೆ ಹಾಕಿಕೊಳ್ಳಿ. ನಿಮ್ಮ ಎಲ್ಲ ಮಾತ್ರೆಗಳ ಹೆಸರು ಬರೆದ ಒಂದು ಹಾಳೆ ಕೈಯಲ್ಲಿರಲಿ. ಮುಂದೆ ಯಾವಾಗಲಾದರೂ ಕಷಾಯದ ಚೀಟಿ ಬರೆದುಕೊಟ್ಟರೆ ಅದರ ಫೋಟೋ ಇಲ್ಲಿ ಹಾಕಿ. ಚೀನೀ ಅಕ್ಷರ ಓದಿ ಒಂದೊಂದರ ಹೆಸರು ನಾನು ಬರೆಯುತ್ತೇನೆ, ಡಾಕ್ಟರ್ ಮೇಡಂ ನೋಡಿ ಹೇಳಲಿ.